ಶೀಟ್ ಕೊಳವೋ ಸಿಮೆಂಟ್ ಕೊಳವೋ: ಒಂದೇ ಹಿತ್ತಲಿನಲ್ಲಿ ಎರಡನ್ನೂ ಮಾಡಿದ ಅನುಭವ

ಹಿತ್ತಲಿನಲ್ಲಿ ಮೀನಿನ ಕೊಳ ಮಾಡಿಸಬೇಕೆಂದು ಕೇಳುವ ಹೆಚ್ಚಿನವರಿಗೆ ನಾನು ಸಿಮೆಂಟ್ ಕೊಳವನ್ನೇ ಸೂಚಿಸುತ್ತೇನೆ. ಮೈಸೂರಿನ ನಮ್ಮ ಮನೆಯ ಹಿಂದೆ 6 ಅಡಿ ಉದ್ದ, 4 ಅಡಿ ಅಗಲ, 2.5 ಅಡಿ ಆಳದ ಗುಂಡಿಗೆ ಮೊದಲು ಪ್ಲಾಸ್ಟಿಕ್ ಶೀಟ್ ಹಾಸಿ, ಅದು ಕೈಕೊಟ್ಟ ಮೇಲೆ ಅದೇ ಜಾಗದಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದರಿಂದ ಎರಡರ ಗುಣದೋಷಗಳೂ ನನಗೆ ಗೊತ್ತು.

ಶೀಟ್ ಎಂದರೆ ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ದಪ್ಪದ ಕಪ್ಪು ಹೊದಿಕೆ. ಖರ್ಚು ಅಗೆತದ ಕೂಲಿಯೂ ಸೇರಿ ₹4,000 ದಾಟಲಿಲ್ಲ. ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಮೂಲೆಗಳಲ್ಲಿ ಬೀಳುವ ಮಡಿಕೆಗಳಲ್ಲಿ ಕೊಳೆತ ಎಲೆ ಸೇರಿಕೊಳ್ಳುತ್ತದೆ ಎಂಬುದನ್ನು ಬಿಟ್ಟರೆ ಮೊದಲ ತಿಂಗಳು ದೂರಲು ಏನೂ ಇರಲಿಲ್ಲ.

ತೊಂದರೆ ಶುರುವಾದದ್ದು ಬೇಸಿಗೆಯಲ್ಲಿ. ನೀರು ದಿನಕ್ಕೆ ಒಂದು ಇಂಚು ಇಳಿಯತೊಡಗಿತು. ಈ ಅಳತೆಯ ಕೊಳದಲ್ಲಿ ಒಂದು ಇಂಚೆಂದರೆ ಸುಮಾರು 56 ಲೀಟರ್, ಅಂದರೆ ದಿನವೂ ಮೂರು ಕೊಡಕ್ಕಿಂತ ಹೆಚ್ಚು. ಬಿಸಿಲಿಗೆ ಆರುತ್ತಿರಬಹುದೆಂದು ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ನೋಡಿದರೆ ಅದರಲ್ಲಿ ಇಳಿದದ್ದು ಕಾಲು ಇಂಚು ಮಾತ್ರ. ಹೆಗ್ಗಣ ಕಡಿದಿರಬೇಕೆಂದುಕೊಂಡು ಮೀನುಗಳನ್ನು ಡ್ರಮ್ಮಿಗೆ ಹಾಕಿ, ಕೊಳ ಬರಿದು ಮಾಡಿ, ಶೀಟನ್ನು ಅಂಗೈಯಿಂದ ಸವರಿ ಹುಡುಕಿದೆ. ಒಂದು ತೂತೂ ಸಿಗಲಿಲ್ಲ. ಈ ನಡುವೆ ಒಂದು ಸಂಜೆ ಕ್ಲೋರಿನ್ ಹೋಗಲು ಬಿಡದೆ ನಲ್ಲಿ ನೀರನ್ನು ನೇರವಾಗಿ ತುಂಬಿಸಿದೆ. ಬೆಳಗಾಗುವಷ್ಟರಲ್ಲಿ ನಾಲ್ಕು ಗೋಲ್ಡ್‌ಫಿಶ್‌ಗಳು ಸತ್ತು ತೇಲುತ್ತಿದ್ದವು. ಆ ದುಃಖ ಇನ್ನೂ ಹೋಗಿಲ್ಲ.

ಕಾರಣ ತಿಳಿದದ್ದು ನೀರು ತುಂಬಿಸುವುದನ್ನು ನಿಲ್ಲಿಸಿದಾಗ. ಎರಡು ಇಂಚು ಇಳಿದ ಮೇಲೆ ನೀರು ಬಕೆಟ್ಟಿನಷ್ಟೇ ನಿಧಾನವಾಗಿ ಇಳಿಯತೊಡಗಿತು. ಅಂದರೆ ತಳದಲ್ಲಿ ಸೋರಿಕೆ ಇಲ್ಲ, ನೀರು ಹೋಗುತ್ತಿರುವುದು ಅಂಚಿನಲ್ಲಿ. ಶೀಟು ಕಾಣಬಾರದೆಂದು ಅದರ ಅಂಚನ್ನು ಮಣ್ಣಿನಡಿ ಮಲಗಿಸಿ ಮೇಲೆ ಗರಿಕೆ ನೆಟ್ಟಿದ್ದೆ. ಆ ಗರಿಕೆಯ ಬೇರು ನೀರಿಗಿಳಿದು, ದೀಪದ ಬತ್ತಿ ಎಣ್ಣೆ ಹೀರುವಂತೆ ನೀರನ್ನು ಹೊರಗಿನ ಮಣ್ಣಿಗೆ ಸಾಗಿಸುತ್ತಿತ್ತು. ಏಪ್ರಿಲ್‌ನಲ್ಲಿ ಹಿತ್ತಲೆಲ್ಲ ಬಿರುಕು ಬಿಟ್ಟಿದ್ದಾಗ ಕೊಳದ ಸುತ್ತ ಒಂದು ಅಡಿ ಮಾತ್ರ ಹಸಿರಾಗಿದ್ದುದನ್ನು ಕಂಡು ನಾನು ಸಂತೋಷಪಟ್ಟಿದ್ದೆ. ಶೀಟಿನ ಅಂಚನ್ನು ಕೊಳದ ಸುತ್ತ ಜೋಡಿಸಿದ ಕಲ್ಲಿನ ಹಿಂದೆ ನೆಟ್ಟಗೆ ನಿಲ್ಲಿಸಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಉಳಿಕೆ ಶೀಟನ್ನು ಮೊದಲ ದಿನವೇ ಕತ್ತರಿಸಿಬಿಟ್ಟಿದ್ದರಿಂದ ನಿಲ್ಲಿಸಲು ಅಂಚೇ ಉಳಿದಿರಲಿಲ್ಲ. ಶೀಟ್ ಹಾಸುವವರು ಕೊಳ ತುಂಬಿ ಒಂದು ವಾರವಾಗುವವರೆಗೆ ಕತ್ತರಿ ಮುಟ್ಟಬಾರದು.

ಸಿಮೆಂಟ್ ಕೊಳಕ್ಕೆ ಸಾಲಿಡ್ ಬ್ಲಾಕ್, ವಾಟರ್‌ಪ್ರೂಫ್ ಬೆರೆಸಿದ ಗಾರೆ, ಮೇಸ್ತ್ರಿ ಕೂಲಿ ಎಲ್ಲ ಸೇರಿ ₹24,000 ಆಯಿತು. ಹೊಸ ಸಿಮೆಂಟು ಸುಣ್ಣದ ಅಂಶ ಬಿಡುವುದರಿಂದ ತಕ್ಷಣ ಮೀನು ಬಿಡುವಂತಿಲ್ಲ. ಮೊದಲ ನೀರಿನ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರಗಳ ಅಳತೆ, 10 ದಾಟಿತ್ತು. ಬಾಳೆದಿಂಡಿನ ತುಂಡುಗಳನ್ನು ಹಾಕಿ, ಐದು ದಿನಕ್ಕೊಮ್ಮೆ ನೀರು ಬದಲಿಸುತ್ತ ಹೋದಾಗ ನಾಲ್ಕನೆಯ ಸಲಕ್ಕೆ ಅದು 8ರ ಹತ್ತಿರ ಬಂತು. ಮೊದಲು ಹತ್ತು ಗಪ್ಪಿ, ಎರಡು ವಾರ ಕಾದು ಆರು ಗೋಲ್ಡ್‌ಫಿಶ್ ಬಿಟ್ಟೆ. ಸೊಳ್ಳೆಮರಿಗಳನ್ನು ಗಪ್ಪಿಗಳೇ ತಿನ್ನುತ್ತವೆ. ಕೊಯ್ ಮೀನು ಈ ಅಳತೆಗೆ ಬೇಡ, ಅದು ಒಂದೂವರೆ ಅಡಿ ಮೀರಿ ಬೆಳೆಯುತ್ತದೆ. ಮಿಂಚುಳ್ಳಿಯ ಕಾಟಕ್ಕೆ ಎರಡೂ ಬಗೆಯ ಕೊಳಕ್ಕೆ ಬಲೆ ಬೇಕೇ ಬೇಕು.

ಬಾಡಿಗೆ ಮನೆಯಲ್ಲಿರುವವರಿಗೆ, ದಿನವೂ ಗಿಡಗಳಿಗೆ ನೀರು ಹಾಕುವಾಗ ಕೊಳವನ್ನೂ ನೋಡಿಕೊಳ್ಳುವ ಅಭ್ಯಾಸವಿರುವವರಿಗೆ ಶೀಟ್ ಸಾಕು. ನಮ್ಮದು ಸ್ವಂತ ಮನೆ, ಆಗಾಗ ಊರಿಗೆ ಹೋಗಿಬರುವ ಸಂಸಾರ. ಕಳೆದ ಬೇಸಿಗೆಯಲ್ಲಿ ಹತ್ತು ದಿನ ಬಿಟ್ಟು ಬಂದು ನೋಡಿದಾಗ ನೀರು ಎರಡೂವರೆ ಇಂಚು ಮಾತ್ರ ಇಳಿದಿತ್ತು. ಆರು ಗೋಲ್ಡ್‌ಫಿಶ್‌ಗಳೂ ಗೋಡೆಯ ಪಾಚಿ ಮೇಯುತ್ತಿದ್ದವು.