ಒದ್ದೆ ಗೋಡೆಯ ಮೇಲೆ ಹೊಸ ಪ್ಲೈವುಡ್ ಹೊಡೆಸಬೇಡಿ

ಹಳೆ ಕ್ಯಾಂಪರ್ (ಒಳಗೆ ಮಲಗಲು ವ್ಯವಸ್ಥೆ ಇರುವ ಪ್ರವಾಸದ ಗಾಡಿ) ಇರುವವರು, ತಗೊಳ್ಳಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಆದದ್ದು ನಿಮಗೆ ಆಗಬಾರದು.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿದ ಹಳೆ ಕ್ಯಾಂಪರ್ ಒಂದನ್ನು ತಗೊಂಡಿದ್ದೆವು. ಹೊರಗೆ ತಗಡು, ಒಳಗೆ ಮರದ ರೀಪು, ರೀಪಿನ ನಡುವೆ ಥರ್ಮೋಕೋಲ್, ಅದರ ಮೇಲೆ ಪ್ಲೈವುಡ್. ರಾಣಿಪುರಕ್ಕೆ, ವಯನಾಡಿಗೆ ಮಕ್ಕಳನ್ನು ಕರ್ಕೊಂಡು ಹೋಗಿ ಬಂದೆವು. ಒಂದು ಮಳೆಗಾಲ ಕಳೆಯುವಾಗ ಎಡಗಡೆ ಕಿಟಕಿಯ ಕೆಳಗೆ ಚಹಾ ಚೆಲ್ಲಿದ ಹಾಗೆ ಕಲೆ ಕಾಣಿಸಿತು. ಬೆರಳಲ್ಲಿ ಒತ್ತಿದರೆ ಆ ಜಾಗ ಮೆತ್ತಗೆ ಒಳಗೆ ಹೋಗುತ್ತಿತ್ತು.

ಅದನ್ನು ಬೇಸಿಗೆಯಿಡೀ ಹಾಗೇ ಬಿಟ್ಟದ್ದು ನನ್ನ ಮೊದಲ ತಪ್ಪು. ಮೇ ಬಂದ ಮೇಲೆ ಅವಸರ ಹಿಡಿಯಿತು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ಮಳೆ ಯಾವಾಗ ಬೇಕಾದರೂ ಸುರಿಯಬಹುದು. ಕ್ಯಾಂಪರ್ ಕೆಲಸ ಗೊತ್ತು ಅಂದ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಎರಡು ದಿನದ ಕೆಲಸ, 38 ಸಾವಿರ ರೂಪಾಯಿ.

“ಗೋಡೆ ಬಿಚ್ಚಿ ನೋಡುವುದು ಬೇಡ್ವಾ?” ಅಂತ ಕೇಳಿದೆ.

“ಬಿಚ್ಚಿದರೆ ಸುಮ್ನೆ ಖರ್ಚು ಜಾಸ್ತಿ ಸರ್. ಇದರ ಮೇಲೆಯೇ ಹೊಸ ಶೀಟ್ ಹೊಡೆದರೆ ಗಟ್ಟಿ ನಿಲ್ತದೆ.”

ಹಳೆ ಪ್ಲೈವುಡ್ ಮೇಲೆ ಹೊಸದು, ಅದರ ಮೇಲೆ ಮೈಕಾ. ಕಿಟಕಿಯ ಸುತ್ತ, ಗೋಡೆಯ ಬುಡಕ್ಕೆ ಸಂದು ಮುಚ್ಚುವ ಸಿಲಿಕಾನ್ ಅಂಟು. ನೋಡಲು ಚಂದ ಇತ್ತು. ಹಣ ಕೊಟ್ಟು ತಂದೆ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಾಗಿಲು ತೆಗೆದರೆ ಕೊಳೆತ ಸೊಪ್ಪಿನ ವಾಸನೆ. ಒಳಗೆ ಐದು ನಿಮಿಷ ಕೂತರೆ ಮಗಳಿಗೆ ಕೆಮ್ಮು ಶುರು. ಅವಳಿಗೆ ಮೊದಲೇ ದಮ್ಮು ಉಂಟು. ಒಂದು ದಿನ ಮಡಚುವ ಮಂಚದ ಕೊಂಡಿ ಸ್ಕ್ರೂ ಸಮೇತ ನನ್ನ ಕೈಗೆ ಬಂತು. ಅವಳು ಅದರ ಮೇಲೆ ಮಲಗಿದ್ದಾಗ ಹೀಗೆ ಆಗಿದ್ದರೆ ಅಂತ ಈಗಲೂ ಎದೆ ಧಸಕ್ ಅನ್ನುತ್ತದೆ.

ಮರಗೆಲಸ ಮಾಡುವ ನೆರೆಮನೆಯ ಆಚಾರಿಯವರನ್ನು ಕರೆದೆ. ಅವರು ಒಳಗೆ ಬಂದವರು ಉಳಿ ಎತ್ತುವ ಮೊದಲು ಒಂದೇ ಮಾತು ಕೇಳಿದರು. “ಮಾಷ್ಟ್ರೇ, ನೀರು ಎಲ್ಲಿಂದ ಬರ್ತದೆ ಅಂತ ಅವರು ನೋಡಿದ್ದಾರಾ?”

ನೋಡಿರಲಿಲ್ಲ. ಹೊಸ ಶೀಟ್ ಎಬ್ಬಿಸಿದಾಗ ಅದರ ಹಿಂಬದಿ ಕಪ್ಪು ಬೂಸ್ಟು ಹಿಡಿದಿತ್ತು. ಹಳೆ ಪ್ಲೈವುಡ್ ಪದರ ಪದರವಾಗಿ ಸುಲಿದು ಬಂತು. ರೀಪು ಪೂರ್ತಿ ಕೊಳೆತು ಕುಂಬಾಗಿ, ಹಿಡಿದರೆ ಬೆರಳ ಸಂದಿಯಲ್ಲಿ ಒದ್ದೆ ಹುಡಿಯಾಗಿ ಉದುರುತ್ತಿತ್ತು. ಲೈಟಿನ ವಯರ್ ಜಾಯಿಂಟ್ ಮೇಲೆ ಹಸಿರು ಕಿಲುಬು. ಗೋಡೆಯ ಬುಡದಲ್ಲಿ ನೀರು ನಿಂತಿತ್ತು. ಮೊದಲು ಅಲ್ಲಿಂದ ಅಷ್ಟಿಷ್ಟು ಸೋರಿ ಹೊರಗೆ ಹೋಗುತ್ತಿದ್ದ ನೀರಿನ ದಾರಿಯನ್ನೇ ಸಿಲಿಕಾನ್ ಹಾಕಿ ಮುಚ್ಚಿಬಿಟ್ಟಿದ್ದರು.

ಆಮೇಲೆ ಪೈಪ್ ಹಿಡಿದು ನೋಡಿದೆವು. ಇದನ್ನು ಎಲ್ಲರೂ ಮನೆಯಲ್ಲೇ ಮಾಡಬಹುದು. ನೀರು ಸಣ್ಣಗೆ ಬಿಡಬೇಕು, ಪ್ರೆಶರ್ ವಾಷರ್ ಬೇಡ. ಬುಡದಿಂದ ಶುರು ಮಾಡಿ ಮೇಲೆ ಹೋಗಬೇಕು, ಒಂದೊಂದು ಜಾಗದಲ್ಲಿ ಹತ್ತು ನಿಮಿಷ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಬೇಕು. ಮೇಲಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಇಳಿದು ಯಾವ ತೂತು ಅಂತ ಗೊತ್ತೇ ಆಗುವುದಿಲ್ಲ. ನಮ್ಮದರಲ್ಲಿ ಕಿಟಕಿಯ ತಪ್ಪು ಏನೂ ಇರಲಿಲ್ಲ. ಮೇಲಿನ ಕ್ಯಾರಿಯರ್‌ನ ಒಂದು ಬೋಲ್ಟ್ ತೂತಿನಿಂದ ಇಳಿದ ನೀರು ಕಬ್ಬಿಣದ ಪಟ್ಟಿಯ ಮೇಲೆ ಮೂರಡಿ ಹರಿದು ಕಿಟಕಿಯ ಹತ್ತಿರ ಬೀಳುತ್ತಿತ್ತು. ಕಲೆ ಕಂಡಲ್ಲೇ ತೂತು ಇರಬೇಕು ಅಂತ ಇಲ್ಲ.

ಸಿಲಿಕಾನ್ ಬಗ್ಗೆಯೂ ಹೇಳಬೇಕು. ಹಳೆಯದರ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ, ಮೊದಲಿನದ್ದನ್ನು ಕೆರೆದು ತೆಗೆಯಲೇಬೇಕು. ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ. ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕಾನ್ ಆಮ್ಲ ಬಿಡುತ್ತದೆ, ಪೇಂಟ್ ಇಲ್ಲದ ತಗಡಿಗೆ ತುಕ್ಕು ಹಿಡಿಸುತ್ತದೆ. ಗಾಡಿಗೆ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕಾನ್ ಅಥವಾ ಪಾಲಿಯುರಿಥೇನ್ ಸೀಲಂಟ್ ಕೇಳಿ. ಕಿಟಕಿಯ ಚೌಕಟ್ಟಿನ ಅಡಿಗೆ ರಬ್ಬರಿನ ಹಾಗೆ ಮೆತ್ತಗಿರುವ, ಅಂಟುವ ಬ್ಯುಟೈಲ್ ಟೇಪ್ ಒಳ್ಳೆಯದು.

ಅವರು ಹಾಕಿದ ಪ್ಲೈವುಡ್ ‘ಎಂಆರ್’ ಮುದ್ರೆಯದ್ದು. ಅದು ಗಾಳಿಯ ತೇವ ತಡೆದೀತು, ನೀರನ್ನಲ್ಲ. ನಮ್ಮ ಮಳೆಗೆ ‘ಐಎಸ್ 710’ ಮುದ್ರೆ ಇರುವ ಮೆರೈನ್ ಪ್ಲೈ ಬೇಕು. ಆ ಪ್ಲೈಯೂ ಕತ್ತರಿಸಿದ ಅಂಚಿನಲ್ಲಿ, ಸ್ಕ್ರೂ ತೂತಿನಲ್ಲಿ ನೀರು ಕುಡಿಯುತ್ತದೆ. ಅಲ್ಲಿಗೆ ಎಪಾಕ್ಸಿ (ಗಟ್ಟಿಯಾಗುವ ರಾಳದ ಲೇಪ) ಹಚ್ಚದೆ ಕೂರಿಸಬೇಡಿ.

ಎಲ್ಲಕ್ಕಿಂತ ಮುಖ್ಯ, ಮರ ಒಣಗದೆ ಗೋಡೆ ಮುಚ್ಚಲು ಬಿಡಬೇಡಿ. ತೇವ ನೋಡುವ ಸಣ್ಣ ಮೀಟರ್ ಸಿಗುತ್ತದೆ. ಮರದಲ್ಲಿ ತೇವ 20 ಶೇಕಡಾ ದಾಟಿ ಹಾಗೇ ನಿಂತರೆ ಕುಂಬು ಹಿಡಿಯುವ ಭಯ. 15ಕ್ಕೆ ಇಳಿಯುವ ತನಕ ನಾನಂತೂ ಮುಚ್ಚುವುದಿಲ್ಲ. ಜೂನ್, ಜುಲೈಯಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಗೋಡೆಯ ಒಳಗಿನ ಮರ ಹೇಗೆ ಒಣಗೀತು, ಅಲ್ವಾ? ಈ ಕೆಲಸ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಆಗಬೇಕು. ಯಾರಿಗೆ ಕೊಟ್ಟರೂ ಗೋಡೆ ಬಿಚ್ಚಿದ ಮೇಲಿನ ಫೋಟೋ ಕೇಳಿ. ಅದಕ್ಕೆ ಒಪ್ಪದವರಿಗೆ ಗಾಡಿ ಕೊಡಬೇಡಿ.

ವರ್ಕ್‌ಶಾಪಿನವರು ಹಣ ವಾಪಸ್ ಕೊಡಲಿಲ್ಲ. “ಮಳೆಗೆ ಗ್ಯಾರಂಟಿ ಇಲ್ಲ” ಅಂದರು.

ಗಾಡಿ ಈಗ ಅಡಿಕೆ ಅಂಗಳದ ಬದಿಯಲ್ಲಿ ತಾರ್ಪಾಲಿನ ಅಡಿ ಉಂಟು. ಕುಂಬಾದ ರೀಪು ಕಿತ್ತಾಯಿತು. ಬೋಲ್ಟ್ ತೂತು ಮುಚ್ಚಿ ಎರಡು ಸಲ ನೀರು ಬಿಟ್ಟು ನೋಡಿಯೂ ಆಯಿತು. ಉಳಿದ ಮರದಲ್ಲಿ ನಿನ್ನೆ ಮೀಟರ್ 19 ತೋರಿಸಿತು. ಆಚಾರಿಯವರು ಇನ್ನೂ ಮೂರು ವಾರ ಬಿಸಿಲು ತಾಗಲಿ ಅಂದಿದ್ದಾರೆ.