ಆಶ್‌ಲ್ಯಾಂಡೋ, ಬ್ಲೂ ರಿಡ್ಜೋ?

ಅಮೆರಿಕದ ದಕ್ಷಿಣದಲ್ಲಿ ರೈಲಿನಿಂದಲೇ ಹುಟ್ಟಿದ ಪುಟ್ಟ ಊರೊಂದನ್ನು ನೋಡಬಯಸುವವರಿಗೆ ಇವೆರಡೂ ಯೋಗ್ಯವೇ, ಆದರೆ ರುಚಿ ಬೇರೆ. 1840ರ ದಶಕದಲ್ಲಿ ರೈಲ್ವೆ ಕಂಪನಿಯು ಖನಿಜ ಜಲದ ವಿಹಾರಧಾಮವಾಗಿ ಬೆಳೆಸಿದ ವರ್ಜೀನಿಯಾದ ಆಶ್‌ಲ್ಯಾಂಡ್‌ನಲ್ಲಿ ಹಳಿಗಳು ಮುಖ್ಯಬೀದಿಯ ನಡುವೆಯೇ ಹಾದುಹೋಗುತ್ತವೆ; ಹಳೆಯ ಮನೆಗಳ ಜಗುಲಿಯಲ್ಲಿ ಕುಳಿತವರ ಎದುರಿಗೇ ಆಮ್‌ಟ್ರ್ಯಾಕ್ ಸಂಸ್ಥೆಯ ಪ್ರಯಾಣಿಕ ರೈಲುಗಳು ಹಾಗೂ ಸರಕು ರೈಲುಗಳು ಓಡುತ್ತವೆ (ನಿದ್ರೆ ಸೂಕ್ಷ್ಮವಾಗಿರುವವರು ಹಳಿಯಿಂದ ದೂರ ತಂಗುವುದು ಲೇಸು). ಊರಿನ ಹೆಸರು ಸಮೀಪದಲ್ಲೇ ಜನಿಸಿದ ರಾಜಕಾರಣಿ ಹೆನ್ರಿ ಕ್ಲೇ ಅವರ ಕೆಂಟಕಿಯ ಎಸ್ಟೇಟಿನದು. 1886ರಲ್ಲಿ ರೈಲು ಜಂಕ್ಷನ್ನಾಗಿ ಸ್ಥಾಪನೆಯಾದ ಜಾರ್ಜಿಯಾದ ಬ್ಲೂ ರಿಡ್ಜ್ ಈಗ ಪ್ರವಾಸಿಗರಿಂದ ಗಿಜಿಗುಟ್ಟುತ್ತದೆಯಾದರೂ, 1905ರ ನಿಲ್ದಾಣದಿಂದ ಟೊಕ್ಕೋವಾ ನದಿಯ ಬದಿಯಲ್ಲಿ ಮೆಕೇಸ್‌ವಿಲ್‌ಗೆ ಹೋಗಿಬರುವ ಸುಮಾರು 42 ಕಿ.ಮೀ. ವಿಹಾರ ರೈಲು ಅಲ್ಲಿದೆ. ಮಕ್ಕಳಿದ್ದರೆ ಬ್ಲೂ ರಿಡ್ಜ್. ನನ್ನ ಒಲವು ಆಶ್‌ಲ್ಯಾಂಡ್‌ನತ್ತ.