ಮನೆಯವರು ಗುಟ್ಟಾಗಿ ಸಾಲ ಮಾಡಿದ್ದರೆ ಅವರು ಹೇಳುವ ಮೊದಲ ಲೆಕ್ಕ ನಂಬಿ ದುಡ್ಡು ಕಟ್ಟಬೇಡಿ

ಮನೆಯಲ್ಲಿ ಗಂಡನೋ, ಮಗನೋ, ತಂಗಿಯೋ ಗುಟ್ಟಾಗಿ ಸಾಲ ಮಾಡಿ ಸಿಕ್ಕಿಬಿದ್ದಾಗ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಇಷ್ಟೇ ಇರೋದು, ಇದೊಂದು ತೀರಿಸಿಬಿಟ್ರೆ ಮುಗೀತು." ಆ ಮಾತು ನಂಬಿ ನಮ್ಮ ಅಪ್ಪ ಅಮ್ಮ ಇಳಿವಯಸ್ಸಿಗೆ ಅಂತ ಕೂಡಿಟ್ಟಿದ್ದನ್ನೆಲ್ಲ ಕಳೆದುಕೊಂಡರು. ಇನ್ನೊಂದು ಮನೆಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಸಾಲ ಮಾಡಿದವನು ನನ್ನ ತಮ್ಮ. ಬೆಂಗಳೂರಿನಲ್ಲಿ ಕೆಲಸ, ಒಬ್ಬನಿಗೆ ಧಾರಾಳವಾಗಿ ಸಾಕಾಗುವ ಸಂಬಳ. ಅಪ್ಪ ನಿವೃತ್ತ ಮೇಷ್ಟ್ರು, ಅಮ್ಮನ ಜೊತೆ ಊರಲ್ಲೇ ಇದ್ದಾರೆ. ತಮ್ಮನ ಆಧಾರ್‌ನಲ್ಲಿ ಊರಿನ ವಿಳಾಸವೇ ಇದ್ದದ್ದರಿಂದ ನೋಟಿಸ್ ಅಲ್ಲಿಗೆ ಬಂತು. ಬಡ್ಡಿ ಕಟ್ಟಿಲ್ಲ, ಅಡವಿಟ್ಟ ಚಿನ್ನವನ್ನು ಹರಾಜು ಹಾಕುತ್ತೇವೆ ಅಂತ. ಅಮ್ಮ ಬೀರು ತೆಗೆದು ಒಡವೆ ಡಬ್ಬಿ ನೋಡಿದರು. ಎರಡೆಳೆ ಸರ, ಬಳೆ ಎಲ್ಲ ಇಟ್ಟ ಹಾಗೇ ಇದ್ದವು. ಸರ ಕೈಗೆ ತೆಗೆದುಕೊಂಡರೆ ತೂಕವೇ ಇಲ್ಲ. ಕೊಂಡಿಯ ಹತ್ತಿರ ಬಣ್ಣ ಹೋಗಿ ಒಳಗಿನ ತಾಮ್ರ ಕಾಣುತ್ತಿತ್ತು. ಅದೇ ಡಿಸೈನಿನ ಗಿಲೀಟು ಒಡವೆ ತಂದಿಟ್ಟು ಚಿನ್ನವನ್ನು ಒಯ್ದಿದ್ದ. ಚಿನ್ನ ಹೋಗಿದ್ದಕ್ಕಿಂತ ಅಮ್ಮನಿಗೆ ಜಾಸ್ತಿ ನೋವು ಕೊಟ್ಟಿದ್ದು ಅದು. ಹುಡುಕಿ, ಹೋಲಿಸಿ ನೋಡಿ ತಂದಿಡಬೇಕಾದರೆ ಎಷ್ಟು ಯೋಚನೆ ಮಾಡಿರಬೇಕು, ಅಲ್ವಾ?

ತಮ್ಮ ಬಂದು ಅತ್ತ. ಆನ್‌ಲೈನ್ ರಮ್ಮಿಯಲ್ಲಿ ಹೋಯಿತು, ಒಟ್ಟು 2.5 ಲಕ್ಷ, ಇಷ್ಟೇ ಅಂದ. ಅಪ್ಪ ಎಫ್‌ಡಿ ಮುರಿಸಿ ದುಡ್ಡನ್ನು ಅವನ ಕೈಗೇ ಕೊಟ್ಟರು. ಅವನು ಚಿನ್ನ ಬಿಡಿಸಿ ತಂದ. ಮನೆ ತಣ್ಣಗಾಯಿತು. ಕೆಲವು ತಿಂಗಳಾದ ಮೇಲೆ ಅಮ್ಮನ ಫೋನಿಗೆ ವಸೂಲಿಯವರ ಕರೆ ಶುರುವಾಯಿತು. ಸಾಲದ ಆ್ಯಪ್‌ಗಳು, ಕ್ರೆಡಿಟ್ ಕಾರ್ಡ್, ಆಫೀಸಿನ ಗೆಳೆಯರ ಕೈಸಾಲ, ಒಂದು ಕಡೆ ಮೀಟರ್ ಬಡ್ಡಿ. ಸೈಟಿಗೆ ಮುಂಗಡ ಕೊಡಬೇಕು ಅಂತ ಹೇಳಿ ಅಪ್ಪನಿಂದ ಜಾಮೀನು ಸಹಿ ಹಾಕಿಸಿಕೊಂಡು ಸೊಸೈಟಿಯಲ್ಲಿ ತೆಗೆದ ಸಾಲ ಬೇರೆ. ಬಿಡಿಸಿ ತಂದಿದ್ದ ಚಿನ್ನದಲ್ಲಿ ಅರ್ಧ ಮತ್ತೆ ಅಡವಿಗೆ ಹೋಗಿತ್ತು. ಎಲ್ಲ ಕೂಡಿಸಿದರೆ 11 ಲಕ್ಷ ದಾಟಿತು.

ಇಂಥವರು ಒಂದೇ ಸಲ ಪೂರ್ತಿ ಹೇಳುವುದಿಲ್ಲ. ಎದುರಿಗಿರುವವರು ಎಷ್ಟು ತಡೆದುಕೊಳ್ಳಬಹುದು ಅಂತ ಅಂದಾಜು ಮಾಡಿ ಅಷ್ಟನ್ನೇ ಹೇಳುತ್ತಾರೆ. ನಾಚಿಕೆಯೂ ಇರುತ್ತದೆ, ಇನ್ನೊಂದು ಆಟ ಗೆದ್ದರೆ ಉಳಿದದ್ದು ತೀರುತ್ತದೆ ಅನ್ನುವ ಆಸೆಯೂ ಇರುತ್ತದೆ. ಹಾಗಾಗಿ ಬಾಯಿ ಮಾತು ಬಿಡಿ, ಕಾಗದ ಕೇಳಿ.

ಮೊದಲ ಕಾಗದ ಕ್ರೆಡಿಟ್ ರಿಪೋರ್ಟ್, ಅಂದರೆ ಒಬ್ಬರ ಹೆಸರಿನಲ್ಲಿ ಬ್ಯಾಂಕು, ಆ್ಯಪ್, ಕಾರ್ಡ್ ಸಾಲ ಎಷ್ಟಿದೆ ಅಂತ ತೋರಿಸುವ ಪಟ್ಟಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಈ ನಾಲ್ಕೂ ಕ್ರೆಡಿಟ್ ಸಂಸ್ಥೆಗಳಲ್ಲಿ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗಬೇಕು ಅಂತ ಆರ್‌ಬಿಐ ನಿಯಮವಿದೆ. ಅವರ ಪಕ್ಕ ಕೂತು, ಅವರ ಫೋನಿಗೆ ಬರುವ ಓಟಿಪಿ ಹಾಕಿಸಿ, ನಿಮ್ಮ ಕಣ್ಣೆದುರೇ ಇಳಿಸಿಕೊಳ್ಳಿ. ಅವರೇ ಕಳಿಸುವ ಸ್ಕ್ರೀನ್‌ಶಾಟ್ ಬೇಡ. ಕೈಸಾಲ, ಚೀಟಿ, ಮೀಟರ್ ಬಡ್ಡಿ ಈ ರಿಪೋರ್ಟಿನಲ್ಲಿ ಬರುವುದಿಲ್ಲ. ಅದಕ್ಕೆ ಎಲ್ಲ ಬ್ಯಾಂಕ್ ಖಾತೆಗಳ ಒಂದು ವರ್ಷದ ಸ್ಟೇಟ್‌ಮೆಂಟ್ ಬೇಕು. ಯುಪಿಐನಲ್ಲಿ ಪದೇ ಪದೇ ಒಂದೇ ಹೆಸರಿಗೆ ದುಡ್ಡು ಹೋಗಿದ್ದರೆ ಅಲ್ಲಿ ಕೇಳಿ. ಗೆಳೆಯರ ಕೈಸಾಲ ನಮಗೆ ಗೊತ್ತಾಗಿದ್ದು ಹಾಗೆ.

ಮನೆಯ ಬೇರೆಯವರ ರಿಪೋರ್ಟೂ ತೆಗೆಸಿ. ಅಮ್ಮನ ಹೆಸರಿನಲ್ಲಿ ಒಂದು ಆ್ಯಪ್ ಸಾಲ ಇತ್ತು, ಅಮ್ಮನಿಗೆ ಅದರ ಸುಳಿವೂ ಇರಲಿಲ್ಲ. ಆಧಾರ್, ಪ್ಯಾನ್ ಫೋಟೊ ಅವನ ಹತ್ತಿರ ಇತ್ತು. ಊರಿಗೆ ಬಂದಾಗ ಅಮ್ಮನ ಫೋನಿನ ಓಟಿಪಿ ನೋಡಿಕೊಂಡಿದ್ದ. ಹೀಗಾಗಿದ್ದರೆ ಸಾಲ ಕೊಟ್ಟವರಿಗೂ ಕ್ರೆಡಿಟ್ ಸಂಸ್ಥೆಗೂ ಬರವಣಿಗೆಯಲ್ಲಿ ದೂರು ಕೊಡಬಹುದು. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮವಿದೆ. ಪೊಲೀಸ್ ದೂರಿನ ಮಾತು ಬಂದಾಗ ಅಮ್ಮ, "ಹೆತ್ತ ಮಗ ಕಣೇ, ಸ್ಟೇಷನ್ ಮೆಟ್ಟಿಲು ಹತ್ತಿಸ್ತೀಯಾ?" ಅಂದರು. ಆ ಸಾಲವನ್ನು ಅವನಿಂದಲೇ ಕಟ್ಟಿಸಿದೆವು. ನಿಮ್ಮ ಮನೆಯಲ್ಲಿ ಬೇರೆ ತೀರ್ಮಾನ ಆದರೆ ಅದನ್ನು ಯಾರೂ ತಪ್ಪು ಅನ್ನಬಾರದು.

ಸಹಿ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಎಲ್ಲ ಸಾಲ ಸೇರಿಸಿ ಒಂದು ದೊಡ್ಡ ಸಾಲ ತೆಗೆಯೋಣ, "ಅಕ್ಕಾ, ಭಾವನ ಹತ್ರ ಒಂದು ಸಹಿ ಹಾಕಿಸು ಸಾಕು" ಅಂತ ತಮ್ಮ ಕೇಳಿದ. ಆಗಲ್ಲ ಅಂದೆ. ಅಮ್ಮ ಎಷ್ಟೋ ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆದರೆ 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಸೊಸೈಟಿಯವರು ಅಪ್ಪನ ಮನೆ ಬಾಗಿಲಿಗೆ ಬಂದದ್ದು ಅದೇ ಕಾರಣಕ್ಕೆ. ಸಹಿ ಹಾಕದ ಸಾಲಕ್ಕೆ ಅಪ್ಪ ಅಮ್ಮ, ಅಕ್ಕ ತಂಗಿ ಹೊಣೆಯಲ್ಲ, ವಸೂಲಿಯವರು ಏನೇ ಹೆದರಿಸಲಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಅವರು ಕರೆ ಮಾಡುವ ಹಾಗಿಲ್ಲ. ಮನೆಯವರಿಗೆ, ಗೆಳೆಯರಿಗೆ ಫೋನ್ ಮಾಡಿ ಮಾನ ಕಳೆಯುವ ಹಾಗೂ ಇಲ್ಲ. ಕರೆ ಬಂದ ನಂಬರು, ಹೊತ್ತು, ಮೆಸೇಜು ಎಲ್ಲ ತೆಗೆದಿಟ್ಟುಕೊಳ್ಳಿ. ಮೀಟರ್ ಬಡ್ಡಿಗೆ ಕರ್ನಾಟಕದಲ್ಲಿ 2004ರಿಂದಲೇ ಬೇರೆ ಕಾಯ್ದೆ ಇದೆ. ಕಾನೂನು ಸಲಹೆಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ.

ಒಂದು ರಾತ್ರಿ ತಮ್ಮ "ನಾನಿದ್ರೆ ತಾನೇ ಇದೆಲ್ಲ" ಅಂದ. ಇಂಥ ಮಾತನ್ನು ನಾಟಕ ಅಂತ ದಯವಿಟ್ಟು ತಳ್ಳಿಹಾಕಬೇಡಿ. ಹೆದರಿಕೊಂಡು ದುಡ್ಡು ಕಟ್ಟಲೂ ಹೋಗಬೇಡಿ. ಅವರನ್ನು ಒಬ್ಬರೇ ಬಿಡಬೇಡಿ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಯಾವ ಹೊತ್ತಿನಲ್ಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕಾನೂನು ತಂದು ನಿಷೇಧಿಸಿದ್ದಾರೆ. ಆದರೆ ಅಂಟಿದ ಚಟ ಕಾನೂನಿನಿಂದ ಬಿಡುವುದಿಲ್ಲ, ಚಿಕಿತ್ಸೆ ಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆ ಸಲಹೆ ಸಿಗುತ್ತದೆ, ತಮ್ಮ ಈಗ ಅಲ್ಲಿಗೆ ಹೋಗುತ್ತಿದ್ದಾನೆ.

ಅವನ ಮೇಲೆ ನನಗೆ ಪ್ರೀತಿ ಕಡಿಮೆಯಾಗಿಲ್ಲ. ಹಬ್ಬಕ್ಕೆ ಬಂದರೆ ಇಷ್ಟದ ಅಡುಗೆ ಮಾಡಿ ಬಡಿಸುತ್ತೇನೆ. ದುಡ್ಡಿನ ವಿಷಯದಲ್ಲಿ ಮಾತ್ರ ಅವನ ಮಾತಿಗೆ ಬೆಲೆ ಇಲ್ಲ ಅಂತ ಅವನೆದುರೇ ಹೇಳಿದ್ದೇನೆ, ಅವನೂ ಒಪ್ಪಿಕೊಂಡಿದ್ದಾನೆ. ಸಾಲ ಅವನ ಸಂಬಳದಿಂದಲೇ ತೀರುತ್ತಿದೆ. ಕಂತು ನೇರವಾಗಿ ಸಾಲದ ಖಾತೆಗೆ ಹೋಗುತ್ತದೆ, ಯಾರ ಕೈಗೂ ನಗದು ಕೊಡುವುದಿಲ್ಲ. ಒಂದೊಂದು ಸಾಲ ಮುಗಿದಾಗಲೂ ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಂಡು ಅಪ್ಪನ ಫೈಲಿಗೆ ಸೇರಿಸುತ್ತಿದ್ದೇವೆ. ಕಡಿಮೆ ಕಟ್ಟಿ ಮುಗಿಸಿಕೊಳ್ಳಿ ಅಂತ ವಸೂಲಿಯವರು ಆಸೆ ತೋರಿಸಿದರೆ ಒಂದು ವಿಷಯ ಗೊತ್ತಿರಲಿ: ಆಗ ರಿಪೋರ್ಟಿನಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಅಂತ ಬೀಳುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ.